ಒಂದು ತಲೆಕಟ್ಟಿನ ಬೆನ್ನು ಹತ್ತಿ

ಕಂಪ್ಯೂಟರಿನಲ್ಲಿ ಕನ್ನಡ ಬಳಸಿದವರಿಗೆಲ್ಲ ಈ ಪೀಡೆ ಗೊತ್ತು. ಯಾರೋ ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತ ಕಳಿಸುತ್ತಾರೆ, ನಿಮ್ಮ ಯಂತ್ರದಲ್ಲಿ ಆ ಫಾಂಟ್ ಇರುವುದಿಲ್ಲ, ತೆರೆದರೆ ಕನ್ನಡವೇ ಮಾಯ! ‘ಕನ್ನಡ’ ಎಂದಿರಬೇಕಾದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೊಂದು ಓರೆ ಗೀರು ಹೊತ್ತ ಎ, ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಅದೇ ಗೀರಿನ ಎ, ಜರ್ಮನ್ನರ ಜೋಡಿ ಎಸ್, ಒಂದು ಚಿಕ್ಕ ಕ್ಯೂ, ಮತ್ತೂ ಒಮ್ಮೆ ಅದೇ ಎ. ಶಪಿಸಿ ಮುಚ್ಚಿಬಿಡುತ್ತೇವೆ.

ಮುಚ್ಚುವ ಮುಂಚೆ ಒಂದೇ ಒಂದು ಸಲ ಆ ಕಸವನ್ನು ಓದಿ ನೋಡಿ. ಆ ಗೀರಿನ ಎ ಯಾಕೆ ಮೂರು ಸಲ ಬಂತು? ‘ಕನ್ನಡ’ ಎಂಬುದರಲ್ಲಿ ಮೂರು ಸಲ ಬರುವಂಥದ್ದು ಏನಿದೆ? ಪಿ ಅಂದರೆ ಕ, ಆದರೆ ಬೋಳು ತಲೆಯ ಕ. ಪೌಂಡಿನ ಗುರುತು ಬೋಳು ನ. ಜರ್ಮನ್ ಅಕ್ಷರ ನ ಒತ್ತು. ಕ್ಯೂ ಬೋಳು ಡ. ಹಾಗಾದರೆ ಮೂರು ಸಲ ಬಂದ ಆ ಎ? ಅದು ತಲೆಕಟ್ಟು! ಕ, ನ, ಡ ಮೂರರ ನೆತ್ತಿಯ ಮೇಲೂ ಕೂತಿರುವ, ಬರೆಯುವಾಗ ನಾವು ಅರೆ ಕ್ಷಣವೂ ಕೊಡದ, ಓದುವಾಗ ಕಣ್ಣಿಗೇ ಬೀಳದ ಆ ಪುಟ್ಟ ಅಡ್ಡಗೀಟು.

ಇದು ಯಾಕೆ ಹೀಗಾಯಿತು ಎಂದು ಹುಡುಕುತ್ತ ಹೋದರೆ ಇನ್ನೂ ಮಜಾ ಇದೆ. ಹಳೆಯ ಫಾಂಟುಗಳಿಗೆ ಇದ್ದದ್ದು ಒಟ್ಟು 256 ಮನೆಗಳು, ಅದರಲ್ಲೂ ಒಂದಷ್ಟು ಬಳಸುವಂತಿರಲಿಲ್ಲ. ನಮ್ಮಲ್ಲೋ ಕಾಗುಣಿತ, ಒತ್ತು, ಒತ್ತಿಗೊಂದು ಒತ್ತು ಸೇರಿಸಿದರೆ ಅಕ್ಷರಗಳು ಸಾವಿರಗಟ್ಟಲೆ. ಹಾಗಾಗಿ ಫಾಂಟ್ ಮಾಡಿದವರು ಅಕ್ಷರಗಳನ್ನು ಬಿಡಿಬಿಡಿಯಾಗಿ ಬಿಚ್ಚಿಟ್ಟರು. ಮುಂಡ ಒಂದು ಕಡೆ, ತಲೆ ಒಂದು ಕಡೆ, ಒತ್ತು ಇನ್ನೊಂದು ಕಡೆ. ಎಷ್ಟು ಅಕ್ಷರಗಳಿಗೆ ಬೇಕೋ ಅಷ್ಟಕ್ಕೂ ಒಂದೇ ತಲೆಕಟ್ಟು ಸಾಕು! ಬ, ಲ, ಜ, ಣ ಮುಂತಾದವಕ್ಕೆ ಹುಟ್ಟಿನಿಂದಲೇ ತಲೆಕಟ್ಟಿಲ್ಲ, ಅವುಗಳಿಗೆ ಅದರ ಹಂಗೂ ಇಲ್ಲ.

ಆಮೇಲೆ ಹೊಳೆದದ್ದು ಒಂದನೇ ಕ್ಲಾಸಿನ ಬೆಂಚು. ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ... ರಾಗ ಎಳೆಯುತ್ತ ಕಿರುಚಿದ್ದು ನೆನಪಿದೆಯಲ್ಲ? ಅಲ್ಲಿ ಮೇಷ್ಟ್ರು ಹೇಳಿಕೊಟ್ಟದ್ದು ಇದೇ ಲೆಕ್ಕ. ಬೋಳು ಕಕಾರಕ್ಕೆ ತಲೆಕಟ್ಟು ಹಾಕಿದರೆ ಅ ಸೇರಿತು, ಇಳಿ ಹಾಕಿದರೆ ಆ ಸೇರಿತು, ಗುಡಿಸು ಹಾಕಿದರೆ ಇ ಸೇರಿತು. ತಲೆಕಟ್ಟು ಅಂದರೆ ಅಕಾರ! ‘ಕಿ’ ಬರೆದು ನೋಡಿ: ತಲೆಕಟ್ಟು ಹೋಗಿ ಆ ಜಾಗದಲ್ಲಿ ದುಂಡನೆಯ ಗುಡಿಸು ಬಂದಿದೆ. ‘ಕೆ’ ಬರೆಯಿರಿ, ಅಲ್ಲೂ ಇಲ್ಲ. ‘ಕ್’ ಬರೆಯಿರಿ, ಸ್ವರವೇ ಹೋಯಿತು, ತಲೆಕಟ್ಟೂ ಹೋಯಿತು. (‘ಕು’, ‘ಕೂ’, ‘ಕೃ’ಗಳಲ್ಲಿ ಮಾತ್ರ ಅದು ಜಾಗ ಬಿಡದೆ ಕೂತು ಲೆಕ್ಕ ಕೆಡಿಸುತ್ತದೆ. ಇರಲಿ, ಯಾವ ಮನೆಯಲ್ಲಿ ಇಂಥವರಿಲ್ಲ.) ಮಗ್ಗಿಯ ರಾಗದಲ್ಲಿ ಹಳ್ಳಿ ಶಾಲೆ ಹೇಳಿಕೊಟ್ಟದ್ದನ್ನೇ ಫಾಂಟ್ ಮಾಡಿದವರು ಅಂಕೆಗಳಲ್ಲಿ ಬರೆದಿಟ್ಟಿದ್ದರು. ಇವತ್ತಿನ ಯೂನಿಕೋಡಿನಲ್ಲಿ ತಲೆಕಟ್ಟಿಗೆ ಪ್ರತ್ಯೇಕ ಸಂಖ್ಯೆಯಿಲ್ಲ. ಅಲ್ಲಿ ‘ಕ’ ಎಂದರೆ ತಲೆ ಸಮೇತ ಒಂದೇ ಘಟಕ, ಸ್ವರ ಬಂದಾಗ ತಲೆ ತೆಗೆಯುವ ಕೆಲಸ ಫಾಂಟಿನೊಳಗಿನ ನಿಯಮಗಳದ್ದು. ಸರಿಯಾದ ದಾರಿ ಅದೇ, ಒಪ್ಪುತ್ತೇನೆ. ಆದರೂ ಆ ಮುರುಕು ಎ ನನಗೆ ಯಾವ ಪಾಠಪುಸ್ತಕವೂ ತೋರಿಸದ್ದನ್ನು ತೋರಿಸಿತು.

ಅಲ್ಲಿಂದಾಚೆ ಬೆಂಗಳೂರಿನಲ್ಲಿ ನನಗೆ ಬೇರೇನೂ ಕಾಣುತ್ತಿಲ್ಲ. ಟ್ರಾಫಿಕ್ಕಿನಲ್ಲಿ ನಿಂತಾಗ ಎದುರಿನ ಆಟೋದ ಬೆನ್ನು, ಸಿಗ್ನಲ್ಲಿನ ಪಕ್ಕದ ಮೆಡಿಕಲ್ ಸ್ಟೋರಿನ ಬೋರ್ಡು, ಮೆಟ್ರೋ ಕಂಬಕ್ಕೆ ಅಂಟಿಸಿದ ಪೋಸ್ಟರು, ಎಲ್ಲೆಲ್ಲೂ ತಲೆಕಟ್ಟು! ಒಂದು ಉದ್ದ, ಒಂದು ಗಿಡ್ಡ, ಒಂದು ಚೂಪು, ಒಂದು ಬಾಲ ಸುತ್ತಿಕೊಂಡದ್ದು, ಒಂದು ಗರಗಸದಲ್ಲಿ ಕೊಯ್ದಂತೆ ನೇರ. ಅಕ್ಷರದ ಮುಂಡಕ್ಕೆ ಅಷ್ಟಾಗಿ ಸ್ವಾತಂತ್ರ್ಯವಿಲ್ಲ, ಸ್ವಲ್ಪ ಎಡವಿದರೆ ವ ಹೋಗಿ ಪ ಆಗುತ್ತದೆ, ಪ ಹೋಗಿ ಷ ಆಗುತ್ತದೆ. ತಲೆಕಟ್ಟಿಗೆ ಆ ಭಯವಿಲ್ಲ. ಎಷ್ಟೇ ಕುಣಿದರೂ ಅಕ್ಷರ ಅದೇ ಅಕ್ಷರ. ಆದ್ದರಿಂದಲೇ ಬರೆಯುವವನ ಕೈ, ಅವನು ಹಿಡಿದ ಸಾಧನ, ಅವನ ಕಾಲದ ಹುಚ್ಚು ಎಲ್ಲವೂ ಹೋಗಿ ಸೇರುವುದು ಅಲ್ಲೇ. ಈ ಊರಿನ ಇತಿಹಾಸವನ್ನೇ ಅದೊಂದು ಗೀಟಿನ ಮೇಲೆ ಓದಬಹುದು ಎಂದರೆ ಉತ್ಪ್ರೇಕ್ಷೆ ಅನ್ನಿಸಬಹುದು. ಬನ್ನಿ, ಓದೋಣ.

ಮೊದಲು ಬಳೇಪೇಟೆ, ಚಿಕ್ಕಪೇಟೆ, ಅವೆನ್ಯೂ ರಸ್ತೆ. ಕುಂಚದ ಕಾಲದ ಅಕ್ಷರ ಇನ್ನೂ ಅಲ್ಲಲ್ಲಿ ಉಸಿರು ಹಿಡಿದುಕೊಂಡಿರುವ ಸ್ಥಳಗಳು. ಬೋರ್ಡು ಬರೆಯುವವರ ಕೆಲಸ ನೋಡಿದ್ದೀರಾ? ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ, ಎರಡು ತುದಿ ಬಿಗಿ ಹಿಡಿದು, ನಡುವೆ ಎತ್ತಿ ಚಟ್ಟನೆ ಬಿಟ್ಟರೆ ತಗಡಿನ ಮೇಲೆ ನೇರ ಗೆರೆ. ಎಡಗೈಯಲ್ಲೊಂದು ಕೋಲು, ಅದರ ಮೇಲೆ ಬಲಗೈ ಮಣಿಕಟ್ಟು, ಬೆರಳಲ್ಲಿ ಚಪ್ಪಟೆ ಬ್ರಷ್, ಬ್ರಷ್ ತುಂಬ ಎನಾಮಲ್. ಮುಂಡಗಳೆಲ್ಲ ಮೊದಲು, ಸಾಲಾಗಿ, ಬೋಳು ತಲೆಯಲ್ಲಿ! ಹೌದು, ಹಳೆಯ ಫಾಂಟಿನಲ್ಲಿ ಇದ್ದಂತೆಯೇ. ಆಮೇಲೆ ಒಂದೇ ಓಟಕ್ಕೆ ತಲೆಕಟ್ಟುಗಳು. ಬ್ರಷ್ ಊರಿ, ಎಳೆದು, ಕೊನೆಯಲ್ಲಿ ಬೆರಳ ನಡುವೆ ಅದನ್ನು ತುಸು ಹೊರಳಿಸಿ ಮೇಲೆತ್ತುತ್ತಾರೆ. ಆ ಹೊರಳಿನಲ್ಲಿ ದಪ್ಪಗಿದ್ದ ಗೀಟು ಕೂದಲೆಳೆಯಾಗಿ ಮುಗಿಯುತ್ತದೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವ ಚಲನೆ, ನೋಡಿದಷ್ಟೂ ಸಾಲದು! ಅನುಭವಿಗಳು ಎರಡು ಬೋರ್ಡುಗಳ ತಲೆಕಟ್ಟು ನೋಡಿ ಒಂದೇ ಕೈಯೋ ಅಲ್ಲವೋ ಹೇಳಬಲ್ಲರು.

ಪೇಂಟರಿಗೆ ಇನ್ನೊಂದು ಚಟವಿತ್ತು. ಬೋರ್ಡಿನ ಅಗಲ ಉಳಿದುಬಿಟ್ಟರೆ ಮೊದಲ ಅಕ್ಷರದ ತಲೆಕಟ್ಟನ್ನು ಎಳೆದು ಎಳೆದು ಇಡೀ ಹೆಸರಿನ ಮೇಲೆ ಸೂರಿನಂತೆ ಹೊದಿಸುತ್ತಿದ್ದರು. ಈ ಸೂರೇ ಗಾಂಧಿನಗರಕ್ಕೆ ಹೋಗಿ ಸಿನಿಮಾ ಶೀರ್ಷಿಕೆಯಾಯಿತು. ಭಕ್ತಿಚಿತ್ರವಾದರೆ ತಲೆಕಟ್ಟಿನ ತುದಿಯಲ್ಲಿ ನವಿಲುಗರಿ, ಐತಿಹಾಸಿಕವಾದರೆ ಕತ್ತಿ, ಪತ್ತೇದಾರಿಯಾದರೆ ಪಿಸ್ತೂಲು, ಭೂಗತ ಜಗತ್ತಿನ ಕಥೆಯಾದರೆ ಮಚ್ಚು, ಮಚ್ಚಿನಿಂದ ತೊಟ್ಟಿಕ್ಕುವ ಕೆಂಪು! ಕಥೆ ಏನೆಂದು ತಿಳಿಯಲು ಟ್ರೇಲರ್ ಬೇಕಾಗಿರಲಿಲ್ಲ, ತಲೆಕಟ್ಟು ಸಾಕಿತ್ತು. ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ಮುಗಿಲೆತ್ತರದ ಕಟೌಟು ನಿಲ್ಲುತ್ತಿದ್ದ ಕಾಲದಲ್ಲಿ ಆ ಅಕ್ಷರಗಳೂ ಆಳೆತ್ತರ ಇರುತ್ತಿದ್ದವು. ಉಪೇಂದ್ರ ಒಂದು ಹೆಜ್ಜೆ ಮುಂದೆ ಹೋಗಿ 2010ರಲ್ಲಿ ಅಕ್ಷರವನ್ನೇ ಕೈಬಿಟ್ಟು, ಬೆರಳುಗಳ ಮುದ್ರೆಯನ್ನೇ ಚಿತ್ರದ ಹೆಸರಾಗಿ ಇಟ್ಟರು. ಜನ ಅದನ್ನು ‘ಸೂಪರ್’ ಎಂದು ಓದಿದರು. ಓದಿಬಿಟ್ಟರು! ಇಂಥ ಓದುಗರು ಇನ್ನೆಲ್ಲಿ ಸಿಗುತ್ತಾರೆ?

ನಂತರ ಫ್ಲೆಕ್ಸ್ ಬಂತು. ರಾತ್ರಿ ಆರ್ಡರ್ ಕೊಟ್ಟರೆ ಬೆಳಗ್ಗೆ ರೆಡಿ, ಚದರಡಿಗೆ ಇಷ್ಟು ಎಂದು ಲೆಕ್ಕ, ಫೋಟೊ ಬೇಕಾದರೆ ಫೋಟೊ. ಕುಂಚದವರು ಒಬ್ಬೊಬ್ಬರೇ ಮನೆಗೆ ಬಣ್ಣ ಬಳಿಯುವ ಕೆಲಸಕ್ಕೆ ಹೋದರು. 2018ರ ಆಗಸ್ಟಿನಲ್ಲಿ ಹೈಕೋರ್ಟ್ ಗದರಿಸಿದ ಮೇಲೆ ಪಾಲಿಕೆ ಊರಿನ ಫ್ಲೆಕ್ಸುಗಳನ್ನು ರಾಶಿ ರಾಶಿ ಕಿತ್ತುಹಾಕಿದ್ದು ನೆನಪಿರಬಹುದು. ಅಂದು ಬಯಲಾದ ಗೋಡೆಗಳ ಮೇಲೆ ಹಳೆಯ ಬಣ್ಣದ ಅಕ್ಷರಗಳು ಅರೆಬರೆಯಾಗಿ ಹೊರಬಂದವು. ಫ್ಲೆಕ್ಸಿನ ಕನ್ನಡವನ್ನು ನಾನು ಪ್ರೀತಿಸಲಾರೆ. ಅಕ್ಷರಕ್ಕೆ ಐದು ಬಣ್ಣದ ಅಂಚು, ಅಂಚಿಗೊಂದು ನೆರಳು, ನೆರಳಿಗೊಂದು ಹೊಳಪು, ಜಾಗ ಸಾಲದಿದ್ದರೆ ಮೌಸ್ ಹಿಡಿದು ಅಡ್ಡಡ್ಡ ಎಳೆದು ಹಿಗ್ಗಿಸಿದ ಅಕ್ಷರ, ಅದರಲ್ಲಿ ಹಪ್ಪಳವಾಗಿ ಹೋದ ತಲೆಕಟ್ಟು.

ಆದರೆ ಆಟೋಗಳಿಗೆ ಬಂದರೆ ಕಥೆ ಬೇರೆ! ಅಲ್ಲಿ ಕುಂಚದ ಜಾಗಕ್ಕೆ ಬಂದದ್ದು ರೇಡಿಯಂ ಸ್ಟಿಕ್ಕರ್. ಬಣ್ಣದ ಹಾಳೆಯ ಮೇಲೆ ಯಂತ್ರದ ಸಣ್ಣ ಚಾಕು ಓಡಾಡಿ ಅಕ್ಷರದ ಅಂಚನ್ನು ಕೊರೆಯುತ್ತದೆ. ಹುಡುಗರು ಚೂಪು ಮೊನೆಯಿಂದ ಬೇಡದ ಚೂರುಗಳನ್ನೆಲ್ಲ ಕಿತ್ತು ತೆಗೆಯುತ್ತಾರೆ. ‘ಠ’ದ ಹೊಟ್ಟೆಯೊಳಗಿನ ಚುಕ್ಕೆ ಉಳಿಯಬೇಕು, ಸುತ್ತಲಿನದು ಹೋಗಬೇಕು. ಚಾಕುವಿಗೆ ಕೂದಲೆಳೆ ಕೊರೆಯಲು ಬಾರದು, ಕೊರೆದರೂ ಅಂಟು ನಿಲ್ಲದು. ಆದ್ದರಿಂದ ರೇಡಿಯಂ ಕನ್ನಡದ ತಲೆಕಟ್ಟು ದಪ್ಪ, ಮೊಂಡು, ತುದಿ ಕತ್ತರಿಸಿದಂತೆ. ಇನ್ನು ಒತ್ತುಗಳ ಪಾಡು! ಕನ್ನಡದ ಒತ್ತಕ್ಷರ ಮೈಗೆ ತಾಗದೆ ಕೆಳಗೆ ಬೇರೆಯಾಗಿ ನಿಲ್ಲುತ್ತದಲ್ಲ, ಬಿಸಿಲಿಗೆ ಮಳೆಗೆ ಮೊದಲು ಉದುರುವುದೇ ಅದು. 1980ರ ‘ಆಟೋ ರಾಜ’ ಬಂದಂದಿನಿಂದ ಶಂಕರ್‌ನಾಗ್ ಈ ಊರಿನ ಆಟೋಗಳ ಬೆನ್ನಿನಿಂದ ಇಳಿದೇ ಇಲ್ಲ. ಎಷ್ಟೋ ಗಾಡಿಗಳ ಮೇಲೆ ‘ಶಂಕರಣ್ಣ’ ಕಾಲಕ್ರಮದಲ್ಲಿ ‘ಶಂಕರಣ’ ಆಗಿದ್ದಾರೆ. ಓದುವವರಿಗೆ ಏನೂ ತೊಂದರೆಯಾದಂತಿಲ್ಲ.

ಇದೆಲ್ಲ ಮೊನ್ನೆ ಮೊನ್ನೆಯ ಸಂಗತಿ. ಈ ಗೀಟು ಹುಟ್ಟಿದ್ದೆಲ್ಲಿ? ಅದಕ್ಕೂ ಊರು ಬಿಟ್ಟು ಹೋಗಬೇಕಿಲ್ಲ, ಹೆಬ್ಬಾಳಕ್ಕೆ ಹೋದರಾಯಿತು!

2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲ, ಸುಮಾರು ಕ್ರಿ.ಶ. 750. ಕಾಳಗದಲ್ಲಿ ಮಡಿದ ಕಿತ್ತಯ್ಯ ಎಂಬುವವನ ಕಲ್ಲು. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಅತ್ಯಂತ ಹಳೆಯದು. ಚರಂಡಿ ಕೆಲಸದ ಮಣ್ಣಿನ ರಾಶಿಯಲ್ಲಿ ಸೇರಿಹೋಗಬಹುದಾಗಿದ್ದ ಅದನ್ನು ಪಿ.ಎಲ್. ಉದಯಕುಮಾರ್ ಮತ್ತು ಅವರಂಥ ಶಾಸನಾಸಕ್ತರು, ಊರಿನವರು ಸೇರಿ ಉಳಿಸಿಕೊಂಡರು. ಅದಕ್ಕೊಂದು ಮಂಟಪವೂ ಆಯಿತು. ಉದಯಕುಮಾರ್ ಸಂಶೋಧಕರಾಗಿ ಶುರು ಮಾಡಿದವರಲ್ಲ, ಎಂಜಿನಿಯರು. ನೂರು ವರ್ಷಗಳ ಹಿಂದೆ ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೇ ಸಂಪುಟದಲ್ಲಿ ದಾಖಲಿಸಿಟ್ಟ ಬೆಂಗಳೂರಿನ ಕಲ್ಲುಗಳು ಈಗ ಎಲ್ಲಿವೆ, ಇವೆಯೋ ಇಲ್ಲವೋ ಎಂದು ಬೀದಿ ಬೀದಿ ಹುಡುಕಿದರು. ನೃಪತುಂಗ ರಸ್ತೆಯಲ್ಲಿರುವ, 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಆ ಕೆಲಸ ದೊಡ್ಡದಾಯಿತು. ಶಾಸನಗಳನ್ನು ತ್ರೀಡಿ ಸ್ಕ್ಯಾನರಿನಿಂದ ಅಳೆದು, ಕೂದಲೆಳೆಯಷ್ಟು ಸವೆತವೂ ಕಾಣುವ ಹಾಗೆ ಕಂಪ್ಯೂಟರಿಗೆ ತಂದು, ‘ಅಕ್ಷರ ಭಂಡಾರ’ ಎಂಬ ತಂತ್ರಾಂಶದಲ್ಲಿ ಅಕ್ಷರ ಅಕ್ಷರವನ್ನೂ ಬಿಡಿಸಿ ಇಂದಿನ ಕನ್ನಡದ ಪಕ್ಕದಲ್ಲಿ ಇಟ್ಟಿದ್ದಾರೆ. ಪರದೆಯ ಮೇಲೆ ಬೆಳಕಿನ ದಿಕ್ಕನ್ನು ಬದಲಿಸಿದಂತೆ ಕಲ್ಲಿನೊಳಗಿಂದ ಅಕ್ಷರ ಎದ್ದು ಬರುವುದನ್ನು ನೋಡಬೇಕು!

ಅಲ್ಲಿ ನಾನು ಹುಡುಕಿದ್ದು ಕಿತ್ತಯ್ಯನ ಪರಾಕ್ರಮವನ್ನಲ್ಲ, ಕ್ಷಮಿಸಲಿ. ಅವನ ಹೆಸರಿನ ಅಕ್ಷರಗಳ ನೆತ್ತಿಯನ್ನು. ಇಂದಿನ ತಲೆಕಟ್ಟು ಇನ್ನೂ ಹುಟ್ಟಿಲ್ಲ. ಅಲ್ಲಿರುವುದು ಚಾಣದ ಒಂದು ಚಿಕ್ಕ ಅಡ್ಡ ಏಟು. ಕಲ್ಲು ಕೆತ್ತುವವನು ಮೇಲಿನಿಂದ ಗೆರೆ ಶುರು ಮಾಡುವ ಮುಂಚೆ ಗುರುತಿಗೆಂದು ಕೊಟ್ಟಂಥ ಏಟು. ಇದಕ್ಕೂ ಹಿಂದಿನ ಕದಂಬರ ಕಾಲದ ಕೆಲವು ಬರಹಗಳಲ್ಲಿ ಆ ಜಾಗದಲ್ಲಿ ಪುಟ್ಟ ಪೆಟ್ಟಿಗೆಯಾಕಾರವೇ ಇತ್ತು. ಅದೇ ಮುಂದೆ ಶತಮಾನಗಟ್ಟಲೆ ಹಿಗ್ಗಿ, ಬಾಗಿ, ಬಲಕ್ಕೆ ಬಾಲ ಬೆಳೆಸಿ ನಮ್ಮ ತಲೆಕಟ್ಟಾಯಿತು. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಕ್ರಿ.ಶ. 890ರ ಸುಮಾರಿನ ಕಲ್ಲಿದೆ. ಬೆಂಗಳೂರಿನ ಕಾಳಗವನ್ನು ಹೇಳುವ ಕಲ್ಲು. ಕೆಂಪೇಗೌಡರು ಕೋಟೆ ಕಟ್ಟುವುದಕ್ಕೆ ಆರು ಶತಮಾನಕ್ಕೂ ಹೆಚ್ಚು ಹಿಂದೆ, ಇಂದಿನ ಐಟಿ ಕಂಪನಿಗಳ ಬಸ್ಸು ಓಡಾಡುವ ದಾರಿಯ ಪಕ್ಕದಲ್ಲಿ, ಊರಿನ ಹೆಸರು ಅಕ್ಷರವಾಗಿ ನಿಂತಿತ್ತು! (ಎಲ್ಲ ಕಲ್ಲುಗಳೂ ಕನ್ನಡದವೇ ಎಂದುಕೊಳ್ಳಬೇಡಿ. ದೊಮ್ಮಲೂರಿನ ಚೊಕ್ಕನಾಥ ಗುಡಿಯಲ್ಲಿ ತಮಿಳು ಶಾಸನಗಳಿವೆ. ಈ ಊರು ಯಾವತ್ತೂ ಹಲವು ಲಿಪಿಗಳ ಊರೇ.)

ಕಲ್ಲಿನಿಂದ ತಾಳೆಗರಿಗೆ ಬಂದಾಗ ಸಾಧನ ಕಂಟ, ಅಂದರೆ ಗೀರಿ ಬರೆಯುವ ಲೋಹದ ಕಡ್ಡಿ, ಆಯಿತು. ಗರಿಯ ನಾರು ಉದ್ದಕ್ಕೆ ಓಡುತ್ತದೆ, ಅದರ ಗುಂಟ ನೇರ ಗೀರೆಳೆದರೆ ಗರಿ ಸೀಳಿಬಿಡುತ್ತದೆ, ಆದ್ದರಿಂದಲೇ ನಮ್ಮ ಅಕ್ಷರಗಳು ದುಂಡಗಾದವು ಎನ್ನುವುದು ಪಂಡಿತರು ಹೇಳುತ್ತ ಬಂದ ಕಾರಣ. ಆ ಕಾಲದುದ್ದಕ್ಕೂ ಕನ್ನಡಕ್ಕೂ ತೆಲುಗಿಗೂ ಹೆಚ್ಚು ಕಡಿಮೆ ಒಂದೇ ಲಿಪಿ. ಇಂದು ಎರಡನ್ನೂ ದೂರದಿಂದಲೇ ಬೇರೆ ಎಂದು ಹೇಳಿಸುವುದು ಯಾವುದು? ಅದೇ ತಲೆಕಟ್ಟು! ತೆಲುಗಿನದು ಸರಿ ಗುರುತಿನ ಹಾಗೆ ಮೇಲಕ್ಕೆ ಚಿಮ್ಮುತ್ತದೆ, ನಮ್ಮದು ಅಡ್ಡಲಾಗಿ ಮಲಗಿ ತುದಿಯಲ್ಲಿ ಮಾತ್ರ ಏಳುತ್ತದೆ. ಬೆಂಗಳೂರಿನ ಯಾವುದಾದರೂ ಆಂಧ್ರ ಮೆಸ್ಸಿನ ಬೋರ್ಡಿನಲ್ಲಿ ಎರಡೂ ಭಾಷೆ ಇದ್ದರೆ ಊಟಕ್ಕೆ ಕಾಯುವಾಗ ನೋಡಿ, ಒಂದೇ ಮುಂಡಕ್ಕೆ ಎರಡು ತಲೆ.

ಈ ಎರಡು ತಲೆಗಳು ಕೊನೆಗೂ ಗಟ್ಟಿಯಾದದ್ದು ಸೀಸದಲ್ಲಿ. ವಿಲಿಯಂ ಕೇರಿ 1817ರಲ್ಲಿ ಬಂಗಾಳದ ಶ್ರೀರಾಂಪುರದಲ್ಲಿ ಕನ್ನಡ ವ್ಯಾಕರಣವನ್ನು ಅಚ್ಚು ಹಾಕಿಸಿದ. ಕನ್ನಡದ ಅಚ್ಚುಮೊಳೆ ಕನ್ನಡ ನಾಡಿನಿಂದ ಅಷ್ಟು ದೂರ, ಗಂಗೆಯ ದಂಡೆಯಲ್ಲಿ! 1840ರ ದಶಕದ ಹೊತ್ತಿಗೆ ಬೆಂಗಳೂರಿನಲ್ಲೇ ವೆಸ್ಲಿಯನ್ ಮಿಷನ್ನಿನ ಮುದ್ರಣಾಲಯ ಕನ್ನಡ ಪುಸ್ತಕ ಹೊರಡಿಸುತ್ತಿತ್ತು. ಅತ್ತ 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಶುರು ಮಾಡಿದಾಗ ಮೊಳೆಗಳ ಹಂಗಿಲ್ಲದೆ ಕಲ್ಲಚ್ಚಿನಲ್ಲಿ, ಅಂದರೆ ಕೈಬರಹವನ್ನೇ ಕಲ್ಲಿಗಿಳಿಸಿ ಮುದ್ರಿಸಿದ. ಮೊದಲ ಕನ್ನಡ ಪತ್ರಿಕೆಯಲ್ಲಿ ಇರುವುದು ಯಾರದೋ ಕೈಯ ತಲೆಕಟ್ಟು! ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸೇ 1894ರಲ್ಲಿ ಕಿಟೆಲ್‌ರ ನಿಘಂಟನ್ನು ಹೊರತಂದದ್ದು. ಸುಮಾರು 70,000 ಪದಗಳು, ಒಂದೊಂದನ್ನೂ ಮೊಳೆ ಮೊಳೆ ಹೆಕ್ಕಿ ಜೋಡಿಸಬೇಕು. ಕಂಪೋಸಿಟರನ ಮುಂದೆ ನೂರಾರು ಖಾನೆಗಳು. ಒತ್ತಿಗೆ ಬೇರೆ ಮೊಳೆ, ಅದು ಸಾಲಿನ ಕೆಳಗೆ ಕೂರಬೇಕು, ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು. ಎಂ.ಜಿ. ರಸ್ತೆಯ ತುದಿಯಲ್ಲಿ ಮೇಯೋ ಹಾಲ್ ಬಳಿ ಕಿಟೆಲ್ ಪ್ರತಿಮೆಯಿದೆ. ನಿಘಂಟಿಗೆ ಸಲ್ಲಬೇಕಾದ ಗೌರವವೇ. ಅದನ್ನು ಜೋಡಿಸಿದವರಿಗೂ ಒಂದು ಕಲ್ಲು ಇದ್ದಿದ್ದರೆ ಎನ್ನಿಸುತ್ತದೆ ನನಗೆ.

ಇನ್ನು ಇವತ್ತಿನ ಗದ್ದಲಕ್ಕೆ ಬರೋಣ. 2024ರ ತಿದ್ದುಪಡಿಯಂತೆ ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕು. ಅದಕ್ಕೂ ಮುಂಚೆ 2023ರ ಡಿಸೆಂಬರಿನಲ್ಲಿ ಬೀದಿಯಲ್ಲಿ ನಡೆದ ಬೋರ್ಡು ಕೀಳುವ ಪ್ರತಿಭಟನೆ, 2017ರಲ್ಲಿ ಮೆಟ್ರೋ ನಿಲ್ದಾಣಗಳ ಹಿಂದಿ ಫಲಕದ ವಿರುದ್ಧ ಎದ್ದ ಕೂಗು, ಇವೆಲ್ಲ ಸುದ್ದಿಯಾಗಿ ನಿಮಗೆ ಗೊತ್ತಿರುವುದೇ. ಸುದ್ದಿಯಾಗದ್ದು ಒಂದಿದೆ. ಕಾನೂನು ಒಪ್ಪಿಯಾಯಿತು, ಅಳತೆ ಪಟ್ಟಿ ಹಿಡಿದಾಯಿತು, ಆದರೆ ಅಕ್ಷರವನ್ನು ಅಲ್ಲಿ ಕೂರಿಸುವುದು ಹೇಗೆ? ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಅಂತಸ್ತಿನ ಮನೆಗಳು, ಸಾಲಿನ ಪೂರ್ತಿ ಎತ್ತರ ತುಂಬಿಕೊಂಡು ನಿಲ್ಲುತ್ತವೆ. ಕನ್ನಡಕ್ಕೆ ಮೂರು ಅಂತಸ್ತು: ನಡುವೆ ಮುಂಡ, ಮೇಲೆ ತಲೆಕಟ್ಟು ಗುಡಿಸುಗಳು, ಕೆಳಗೆ ಒತ್ತು. ಯಾವುದಾದರೂ ಬ್ಯಾಂಕಿನ ಬೋರ್ಡಿನಲ್ಲಿ ‘ರಾಷ್ಟ್ರೀಯ’ ನೋಡಿ. ಷ, ಅದರ ಕೆಳಗೆ ಟ ಒತ್ತು, ಅದಕ್ಕೆ ರ ಒತ್ತು, ಮೇಲೆ ಗುಡಿಸು, ಬಲಕ್ಕೆ ದೀರ್ಘ! ಇಷ್ಟನ್ನೂ ಇಂಗ್ಲಿಷಿನಷ್ಟೇ ಎತ್ತರದ ಪಟ್ಟಿಗೆ ತುರುಕಿದರೆ ಮುಂಡ ಅರ್ಧಕ್ಕಿಳಿಯುತ್ತದೆ. ಅಳತೆಯಲ್ಲಿ 60 ಇದ್ದರೂ ಕಣ್ಣಿಗೆ 30 ಕಾಣುತ್ತದೆ. ಜಾಗ ಕೊಡುವುದು ಕಾನೂನಿನ ಕೆಲಸ, ಜಾಗ ತುಂಬುವುದು ಅಕ್ಷರ ಬಿಡಿಸುವವರ ಕೆಲಸ. ಎರಡನೆಯವರನ್ನು ಯಾರೂ ಕರೆದಂತಿಲ್ಲ. ರಾತ್ರೋರಾತ್ರಿ ಎದ್ದ ಹೊಸ ಬೋರ್ಡುಗಳಲ್ಲಿ ಅದೇ ಎರಡು ಮೂರು ಫಾಂಟು, ಕೋಟಿ ಸುರಿದು ಮಾಡಿಸಿದ ಲೋಗೋದ ಮೇಲೆ ಕಂಪ್ಯೂಟರಿನ ಜೊತೆ ಪುಕ್ಕಟೆ ಬಂದ ಕನ್ನಡ.

ಎಲ್ಲ ಕಡೆ ಹಾಗಿಲ್ಲ, ಅದೇ ಸಂತೋಷ! ಕೆಲವು ಕೆಫೆಗಳು, ಪುಸ್ತಕದಂಗಡಿಗಳು, ಒಂದಿಷ್ಟು ಹೊಸ ಬಟ್ಟೆಯಂಗಡಿಗಳು ತಮ್ಮ ಹೆಸರನ್ನು ಕನ್ನಡದಲ್ಲೇ ಹೊಸದಾಗಿ ಬಿಡಿಸಿಕೊಂಡಿವೆ. ಇಂಗ್ಲಿಷ್ ಅಕ್ಷರದ ದಪ್ಪ, ತಿರುವು, ಅಂಚನ್ನು ಅಳೆದು ಅದೇ ಗುಣದ ಕನ್ನಡ ಮುಂಡ ಕಟ್ಟಿ, ತಲೆಕಟ್ಟನ್ನು ಒಂದೇ ಚೌಕಾಕಾರದ ಪಟ್ಟಿಯಾಗಿ ಇಟ್ಟ ಬೋರ್ಡು ನೋಡಿ ನಾನು ಇಂದಿರಾನಗರದ ಪಾದಚಾರಿ ಮಾರ್ಗದಲ್ಲಿ ಬೈಸಿಕೊಳ್ಳುವಷ್ಟು ಹೊತ್ತು ನಿಂತಿದ್ದೆ.

ಅಕ್ಷರವನ್ನೇ ಕಸುಬು ಮಾಡಿಕೊಂಡವರು ಈಗ ಮಾಡುತ್ತಿರುವುದಂತೂ ತಲೆ ತಿರುಗಿಸುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಹೊರತರುವ ಮೂರ್ತಿ ಕ್ಲಾಸಿಕಲ್ ಲೈಬ್ರರಿಯಲ್ಲಿ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ 2017ರಲ್ಲಿ ವನಮಾಲಾ ವಿಶ್ವನಾಥ ಅವರ ಅನುವಾದದೊಂದಿಗೆ ಬಂತು. ಒಂದು ಪುಟದಲ್ಲಿ ಕನ್ನಡ, ಎದುರು ಪುಟದಲ್ಲಿ ಇಂಗ್ಲಿಷ್. ಆ ಮಾಲೆಗೆಂದು ಮಾಡಿದ ಕನ್ನಡ ಅಕ್ಷರಗಳು ಫಿಯೋನಾ ರಾಸ್ ಮತ್ತು ಜಾನ್ ಹಡ್ಸನ್ ಕೈಯಲ್ಲಿ ರೂಪುಗೊಂಡವು. ಈಗ ‘ಟಿರೋ ಕನ್ನಡ’ ಎಂಬ ಹೆಸರಿನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಹಳೆಯ ಅಚ್ಚುಮೊಳೆಯ ಘನತೆ ಇರುವ ಅಕ್ಷರ, ಓದಲು ಕೂತರೆ ಕಣ್ಣು ದಣಿಯದು. ಇದರ ತೀರ ಎದುರು ತುದಿಯಲ್ಲಿ ವೈಷ್ಣವಿ ಮೂರ್ತಿ ಅವರು ಬಾಸ್ಕ್ ನಾಡಿನ ಹುವಾನ್ ಲೂಯಿಸ್ ಬ್ಲಾಂಕೋ ಜೊತೆ ಮಾಡಿದ ‘ಅಕಾಯ ಕನ್ನಡಕ’. ನೆಟ್ಟಗೆ ನಿಲ್ಲಲೊಲ್ಲದ, ನಡೆಯುತ್ತಲೇ ಬರೆದಂತಿರುವ ತುಂಟ ಅಕ್ಷರ. ಇದೇ ವೈಷ್ಣವಿ ತುಳು-ತಿಗಳಾರಿ ಲಿಪಿಯ ಬೆನ್ನು ಹತ್ತಿದವರಲ್ಲಿ ಒಬ್ಬರು. 2024ರ ಸೆಪ್ಟೆಂಬರಿನಲ್ಲಿ ಆ ಲಿಪಿ ಯೂನಿಕೋಡಿಗೂ ಸೇರಿತು.

ಮುಂಬೈಯ ಏಕ್ ಟೈಪ್ ಬಳಗದವರ ‘ಬಾಲೂ’ ಕುಟುಂಬ ನೋಡಿದರೆ ನಗು ಬರುತ್ತದೆ. ಉಬ್ಬಿದ, ಮೆತ್ತನೆಯ, ಮಕ್ಕಳು ಮುಟ್ಟಿ ನೋಡಬೇಕೆನ್ನುವ ಅಕ್ಷರಗಳು. ಅದರಲ್ಲಿ ಕನ್ನಡದ ಫಾಂಟಿನ ಹೆಸರು ‘ಬಾಲೂ ತಮ್ಮ’, ತೆಲುಗಿನದು ‘ಬಾಲೂ ತಮ್ಮುಡು’, ತಮಿಳಿನದು ‘ಬಾಲೂ ತಂಬಿ’! ತಮ್ಮನನ್ನೂ ತಮ್ಮುಡುವನ್ನೂ ಪಕ್ಕ ಪಕ್ಕ ಇಟ್ಟರೆ ಅದೇ ಕಥೆ, ಅಕ್ಕಪಕ್ಕದ ಮುಂಡಗಳು ಒಂದೇ ತಾಯಿಯ ಮಕ್ಕಳೆಂದು ಸಾರುತ್ತವೆ, ಮುಖ ತಿರುಗಿಸಿಕೊಂಡಿರುವುದು ತಲೆಕಟ್ಟು ಮಾತ್ರ.

ಅದೇ ಬಳಗ 2022ರಲ್ಲಿ ‘ಅನೇಕ್’ ಹೊರತಂದಿತು. ಒಂದೇ ಗುಣದಲ್ಲಿ ಹತ್ತು ಲಿಪಿಗಳು. ಇದರ ಬೆರಗು ಬೇರೆ ಜಾತಿಯದು. ಇಲ್ಲಿ ಅಕ್ಷರಕ್ಕೆ ಗೊತ್ತಾದ ಒಂದು ದಪ್ಪ, ಒಂದು ಅಗಲ ಎಂಬುದೇ ಇಲ್ಲ. ಪರದೆಯ ಮೇಲಿನ ಜಾರುಪಟ್ಟಿಯನ್ನು ಎಡಕ್ಕೆ ಎಳೆದರೆ ಅಕ್ಷರ ಕಿರಿದಾಗುತ್ತದೆ, ಬಲಕ್ಕೆ ಎಳೆದರೆ ಅಗಲವಾಗುತ್ತದೆ, ಫ್ಲೆಕ್ಸಿನಲ್ಲಿ ಹಿಗ್ಗಿಸಿದಂತೆ ಹಪ್ಪಳವಾಗುವುದಿಲ್ಲ, ಗೆರೆಗಳ ದಪ್ಪ ಹದ ತಪ್ಪದೆ ಹೊಸದಾಗಿ ಕೂರುತ್ತದೆ. ನಾನು ‘ರಾಷ್ಟ್ರೀಯ’ ಎಂದು ಟೈಪ್ ಮಾಡಿ ಎಳೆದೆ. ಒತ್ತುಗಳು ಒಂದರ ಮೈ ಒಂದು ಮುಟ್ಟದೆ ಸರಿದು ಜಾಗ ಮಾಡಿಕೊಂಡವು. ‘ಕನ್ನಡ’ ಎಂದು ಟೈಪ್ ಮಾಡಿ ಎಳೆದೆ. ಮೂರೂ ತಲೆಕಟ್ಟುಗಳು ಒಟ್ಟಿಗೆ ಉದ್ದವಾದವು, ಮತ್ತೂ ಉದ್ದವಾದವು! ಬೋರ್ಡಿನ ಅಗಲ ಉಳಿದಾಗ ಬಳೇಪೇಟೆಯ ಪೇಂಟರು ಕಣ್ಣಂದಾಜಿನಲ್ಲಿ ಮಾಡುತ್ತಿದ್ದುದು ಇದನ್ನೇ ಅಲ್ಲವೇ? ಶೇಕಡ 60ರ ಪಟ್ಟಿಗೆ ಕನ್ನಡವನ್ನು ಅಚ್ಚುಕಟ್ಟಾಗಿ ಕೂರಿಸಲು ಬೇಕಾದ ಸಾಧನ ಪುಕ್ಕಟೆಯಾಗಿ ಬಿದ್ದಿದೆ, ಬೋರ್ಡು ಮಾಡುವ ಅಂಗಡಿಗಳಿಗೆ ಯಾರಾದರೂ ಹೋಗಿ ಹೇಳಬೇಕಷ್ಟೆ.

ಒಂದು ಮಾತ್ರ ನನಗೆ ಯಾವ ಫಾಂಟಿನಲ್ಲೂ ಇನ್ನೂ ಸಿಕ್ಕಿಲ್ಲ. ಕೊನೆಯಲ್ಲಿ ಬ್ರಷ್ ಹೊರಳಿಸಿ ಎತ್ತುವ ಆ ತಿರುವು. ದೆಹಲಿಯಲ್ಲಿ ಹನೀಫ್ ಖುರೇಷಿ ಬೀದಿ ಪೇಂಟರುಗಳ ಕೈಯಲ್ಲಿ ಅಕ್ಷರ ಬರೆಸಿ, ಅವರವರ ಹೆಸರಿನಲ್ಲೇ ಫಾಂಟ್ ಮಾಡಿಸಿದ್ದರು. ಬಳೇಪೇಟೆಯ ಕೈಗಳಿಗೂ ಆ ಭಾಗ್ಯ ಬರಲಿ, ಬೇಗ ಬರಲಿ. ನೋಡಲು ಹೋಗುವುದಿದ್ದರೆ ಬೆಳಗ್ಗೆ ಅಂಗಡಿಗಳು ತೆರೆಯುವ ಮುಂಚೆ ಹೋಗಿ. ಕುಂಚದ ಅಕ್ಷರ ಹೆಚ್ಚಾಗಿ ಉಳಿದಿರುವುದು ರೋಲಿಂಗ್ ಶಟರುಗಳ ಮೇಲೆ, ಶಟರ್ ಎತ್ತಿದರೆ ಅದೂ ಸುತ್ತಿಕೊಂಡು ಮೇಲೆ ಹೋಗಿಬಿಡುತ್ತದೆ.